ಇದನ್ನು ನೋಡು

ವಾರ್ಡೋದ ಮೀನುಕಟ್ಟೆಗೆ ನಾನು ಹೋಗಿ ಇಳಿದಾಗ
ಬೆಳಗಿನ ಹತ್ತು; ಅಂದರೆ ಕತ್ತಲೆ.
ಜನವರಿಯಲ್ಲಿ ಅಲ್ಲಿ ಗಡಿಯಾರದ ಲೆಕ್ಕವೇ ಬೇರೆ,
ಆಕಾಶದ್ದೇ ಬೇರೆ.
ಮೂರು ದೋಣಿಯವರು ಕೈಗವಸು ಕಳಚದೆ ಕಾಯುತ್ತಿದ್ದರು.
ಪೆಟ್ಟಿಗೆ ತುಂಬ ಕಾಡ್ ಮೀನು
ಬಾಯಿ ತೆರೆದು, ತಮ್ಮ ಬೆಲೆ ತಾವೇ ಕೇಳುವ ಹಾಗೆ.
ಹೇಳಬೇಕಾದ ಕಂಪ್ಯೂಟರು ಮಾತ್ರ
ಐದೂ ಪರದೆಗಳಲ್ಲಿ, ಕೆಂಪಕ್ಷರದಲ್ಲಿ,
ತನ್ನ ಬೆಲೆ ಹೇಳಿಕೊಂಡು ಕೂತಿತ್ತು.

ಮೊದಲು ತಂತಿ ಕಿತ್ತೆ, ಒಂದೊಂದಾಗಿ,
ಕೆಚ್ಚಲು ಬಿಡದ ಕರುವನ್ನು ಎಳೆದು ಬಿಡಿಸುವ ಹಾಗೆ.
ಆಮೇಲೆ ಕೇಳುವ ಪ್ರಶ್ನೆ ಕೇಳಿದೆ:
ಯಾರು ತೆರೆದದ್ದು?
ಈ ಕಸುಬಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.
ಯಾರೂ ಇಲ್ಲ ಅನ್ನುತ್ತಾರೆ. ತಾನಾಗೇ ತೆರೆದುಕೊಂಡಿತು ಅನ್ನುತ್ತಾರೆ.
ಒಬ್ಬ ಪಾದ್ರಿ ಬೆಕ್ಕಿನ ಮೇಲೆ ಹಾಕಿದ್ದ.
ಲೆಕ್ಕ ಬರೆಯುವ ತೋರುನ್ ಎದ್ದು ನಿಂತು
ನಾನು, ಅಂದಳು.

ಯಾರಿಂದ ಬಂದಿತ್ತು?
ಹಾಲ್ವರ್‌ನಿಂದ.
ದೋಣಿಯವರು ನೆಲ ನೋಡಿದರು.
ತಕ್ಕಡಿ ಹಿಡಿಯುತ್ತಿದ್ದ ಹಾಲ್ವರ್
ನವೆಂಬರಿನಲ್ಲಿ, ಊಟದ ಬಿಡುವಿನಲ್ಲಿ,
ಆ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದನಂತೆ.
ಅವನ ನೀಲಿ ಲೋಟ ಇನ್ನೂ ಮೊಳೆಯಲ್ಲೇ ನೇತಾಡುತ್ತಿತ್ತು.

ಏನು ಬರೆದಿತ್ತು?
'ಇದನ್ನು ನೋಡು.' ಅಷ್ಟೇ.
ಅವನೂ ಒಂದು ಸಾಲಿಗಿಂತ ಹೆಚ್ಚು ಬರೆದವನಲ್ಲ.
ಸತ್ತವನು ಬರೆಯುವುದಿಲ್ಲವೆಂದು ಗೊತ್ತಿರಲಿಲ್ಲವೇ?
ಗೊತ್ತಿತ್ತು.
ಮತ್ತೆ?
ಅವಳು ಕಿಟಕಿಯ ಕಡೆ ತಿರುಗಿ
(ಹೊರಗೆ ಕಾಣುವಂಥದೇನೂ ಇರಲಿಲ್ಲ)
ಏನೋ ತೋರಿಸ್ತೀನಿ ಅಂದ, ಅಂದಳು.
ನೋಡದೆ ಹೇಗಿರಲಿ.

ನನ್ನ ಚೀಲದಲ್ಲಿ ಒಂದು ಹಾಳೆಯಿದೆ, ಹೋದಲ್ಲೆಲ್ಲ ಹಂಚುತ್ತೇನೆ:
ಗುರುತಿಲ್ಲದವರ ಲಗತ್ತು ತೆರೆಯಬೇಡಿ.
ಗುರುತಿದ್ದವರ ಬಗ್ಗೆ ಅದರಲ್ಲಿ ಸಾಲಿಲ್ಲ.
ಅವತ್ತು ಹಂಚಲಿಲ್ಲ.

ಅಷ್ಟರಲ್ಲಿ ಮುದುಕ ಸಿಗ್‌ವಾಲ್ಡ್
ಗೋದಾಮಿನಿಂದ ತುಕ್ಕು ಹಿಡಿದ ಮುಳ್ಳಿನ ತಕ್ಕಡಿ ಎಳೆದು ತಂದ.
ಗೋಡೆಯ ಮೇಲೆ ಸೀಮೆಸುಣ್ಣ ಓಡಿತು:
ನಾನೂರ ಹನ್ನೆರಡು ಕಿಲೋ, ಮುನ್ನೂರ ಆರು,
ಒಬ್ಬನ ಮೊತ್ತಕ್ಕೆ ಇನ್ನೊಬ್ಬ ಸಾಕ್ಷಿ.
ಮೀನು ಕಾಯುವುದಿಲ್ಲವಲ್ಲ.

ಸಂಜೆ, ಅದೂ ಗಡಿಯಾರ ಹೇಳಿದ ಸಂಜೆ,
ಗುರುವಾರದ ಪ್ರತಿಯಿಂದ ಎಲ್ಲವನ್ನೂ ಮರಳಿ ಕೂರಿಸಿದೆ.
ಮೂರು ದಿನದ ಮೀನು ಲೆಕ್ಕದಿಂದ ಜಾರಿ ಸಮುದ್ರಕ್ಕೆ ಹೋಯಿತು.
ಹಾಲ್ವರ್‌ನ ಖಾತೆ ಯಾರೂ ಮುಚ್ಚಿರಲಿಲ್ಲ.
ವೈರಸ್ ಅದರೊಳಗೆ ಹೊಕ್ಕು
ಅವನ ವಿಳಾಸಪಟ್ಟಿ ಹಿಡಿದು ಅರವತ್ತಮೂರು ಬಾಗಿಲು ತಟ್ಟಿತ್ತು.
ಉತ್ತರಗಳೂ ಬಂದಿದ್ದವು.
ಟೈರ್ ಅಂಗಡಿ: ಲಗತ್ತು ತೆರೆಯುತ್ತಿಲ್ಲ, ಮತ್ತೆ ಕಳಿಸಿ.
ಹಲ್ಲಿನ ಡಾಕ್ಟರು: ಮಂಗಳವಾರ ಆಗಬಹುದು.
ಮುರ್ಮಾನ್ಸ್ಕಿನಿಂದ ಜಿನಾಯ್ದಾ ಅನ್ನುವವಳು,
ತಪ್ಪು ತಪ್ಪು ನಾರ್ವೇಜಿಯನ್ನಿನಲ್ಲಿ:
ಹನ್ನೊಂದು ವರ್ಷ ಆಯಿತು. ತೆರೆದೆ. ಏನೂ ಕಾಣಲಿಲ್ಲ.
ಈಗ ನನ್ನ ಯಂತ್ರವೂ ಏಳುತ್ತಿಲ್ಲ,
ತಂಗಿಯ ಮನೆಯಿಂದ ಬರೆಯುತ್ತಿದ್ದೇನೆ.
ಏನು ತೋರಿಸಬೇಕೆಂದಿದ್ದೆ?

ತೋರುನ್ ಅದನ್ನು ಎರಡು ಸಲ ಓದಿದಳು.
ನಮಗೆ ಯಾರಿಗೂ ಈ ಹೆಸರು ಹೇಳಿರಲಿಲ್ಲ, ಅಂದಳು, ಮೆಲ್ಲಗೆ.

ಎಲ್ಲರಿಗೂ ಎಚ್ಚರಿಕೆ ಕಳಿಸಿದೆವು, ಒಕ್ಕಣೆ ನನ್ನದೇ:
ಇಲ್ಲಿಂದ ಬರುವ ಯಾವ ಮೇಲನ್ನೂ ನಂಬಬೇಡಿ.
ಕಳಿಸಿದ ಮೇಲೆ ಹೊಳೆಯಿತು,
ಇನ್ನು ನಿಜ ಹೇಳುವುದಕ್ಕೂ ಆ ದಾರಿ ಉಳಿಯಲಿಲ್ಲ.

ಅವಳು ಕಾಗದ ಹುಡುಕಿದಳು.
ಪೆನ್ನು ಸಿಗುವುದು ಇನ್ನೂ ಹೊತ್ತಾಯಿತು.
ರಾತ್ರಿ ಹನ್ನೊಂದರವರೆಗೆ ಬರೆದಳು, ಹರಿದಳು, ಬರೆದಳು.
ನನಗೆ ಕೆಲಸ ಮುಗಿದಿತ್ತು; ಸುತ್ತಿದ ತಂತಿಯನ್ನೇ ಬಿಚ್ಚಿ ಸುತ್ತುತ್ತ ಕೂತೆ.
ಲಕೋಟೆಗೆ ಎಷ್ಟು ಸ್ಟಾಂಪು ಬೇಕೋ ತಿಳಿಯದೆ
ಆ ಹಳೆಯ ತಕ್ಕಡಿಗೆ ಇಟ್ಟಳು,
ಮೀನಿನ ಹುರುಪೆ ಅಂಟಿದ ತಟ್ಟೆಯ ಮೇಲೆ.
ಮುಳ್ಳು ಕದಲಲಿಲ್ಲ.
ಇರಲಿ ಅಂತ ಮೂರು ಹಚ್ಚಿದಳು.